ಬರೆ ಬಿದ್ದ ಮೈ

ಬಿರುಬೇಸಿಗೆಯಲ್ಲೂ ಬನಿಯನ್ನು ಕಳಚದ ಗಂಡಸನ್ನು ಕಂಡರೆ ಅವನಿಗೆ ಚಳಿ ಎಂದುಕೊಳ್ಳಬೇಡಿ. ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ. ಇದು ನನಗೆ ತಿಳಿದಿರುವುದು ಬುದ್ಧಿವಂತಿಕೆಯಿಂದಲ್ಲ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾನೇ ಹಾಗಿದ್ದೆ. ನಮ್ಮ ಟೇಕಲ್ ಕಡೆ ಬೆಟ್ಟದ ಬಂಡೆ ಕಾದು ಊರೆಲ್ಲ ಬೇಯುವ ದಿನಗಳಲ್ಲಿ ಗಂಡಸರು ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿ ಬರಿಮೈಯಲ್ಲಿ ಜಗಲಿಯ ಮೇಲೆ ಕೂರುತ್ತಿದ್ದರು. ನಾನೊಬ್ಬ ಮಾತ್ರ ಬನಿಯನ್ನು, ಅದರ ಮೇಲೆ ಅಂಗಿ, ಹೊರಗೆ ಹೊರಟರೆ ಅದರ ಮೇಲೊಂದು ಕೋಟು. ಊರವರು ಇದನ್ನು ಪೇಟೆಯ ಶೋಕಿ ಎಂದುಕೊಂಡರು. ನಾನೂ ತಿದ್ದಲಿಲ್ಲ. ಮರ್ಯಾದೆ ತಾನಾಗಿ ಬರುವಾಗ ಬೇಡ ಎನ್ನುವುದು ವ್ಯಾಪಾರಸ್ಥನ ಲಕ್ಷಣವಲ್ಲ.

ನನ್ನ ಕಸುಬು ದನದ ದಲ್ಲಾಳಿಕೆ. ಹೊಲವಿಲ್ಲದ ಮನೆಯಲ್ಲಿ ಹುಟ್ಟಿ, ಬೇರೆಯವರ ಎತ್ತು ಹೊಡೆದುಕೊಂಡು ಕೋಲಾರ, ಮಾಲೂರು, ಶ್ರೀನಿವಾಸಪುರದ ಸಂತೆ ಸುತ್ತಿ, ನೋಡಿ ನೋಡಿ ಕಲಿತದ್ದು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ. ಮೈಮೇಲಿನ ಸುಳಿ ನೋಡಿದರೆ ಅದೃಷ್ಟ. ಬರೆ ನೋಡಿದರೆ ಅದು ದಾಟಿ ಬಂದ ಕಾಯಿಲೆ. ಬರೆ ಓದುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಪಕ್ಕೆಯಲ್ಲಿ ಸುಟ್ಟ ಗೆರೆ ಕಂಡು, ಕೊಳ್ಳುವವನ ಕಿವಿಯಲ್ಲಿ ಒಂದು ಮಾತು ಉಸುರಿದರೆ ಸಾಕು, ಮಾರುವವನು ಹೇಳಿದ ಬೆಲೆ ತಾನಾಗಿ ಇಳಿಯುತ್ತಿತ್ತು.

ಅಂಥ ನನ್ನ ಹೊಟ್ಟೆಯ ಮೇಲೂ ಪಕ್ಕೆಯ ಮೇಲೂ ಬರೆಗಳಿದ್ದವು. ಚಿಕ್ಕವನಿದ್ದಾಗ ಕಾಮಾಲೆ ಬಂದು, ಕಬ್ಬಿಣ ಕಾಯಿಸಿ ಹಾಕಿಸಿದ್ದು. ಆಗ ನಮ್ಮಲ್ಲಿ ದನಕ್ಕೂ ಮಕ್ಕಳಿಗೂ ಅದೊಂದೇ ಔಷಧಿ. ಕಾಮಾಲೆ ಹೋಯಿತು, ಗೆರೆಗಳು ಉಳಿದವು. ನಾನು ಬೆಳೆದಂತೆ ಅವೂ ಬೆಳೆದವು. ಅದರ ಜೊತೆಗೆ ಲೆಕ್ಕಕ್ಕೆ ಸಿಗುವಂಥ ಪಕ್ಕೆಲುಬು, ಒಳಕ್ಕೆ ಸೇರಿದ ಎದೆ. ದಿನಾ ಸ್ನಾನದ ಹೊತ್ತಿಗೆ ನನ್ನ ಮೈಯನ್ನು ನಾನೇ ಸಂತೆಗೆ ಹೊಡೆದುಕೊಂಡು ಹೋಗಿ, ನಾನೇ ದಲ್ಲಾಳಿಯಾಗಿ ನಿಂತು, ನಾನೇ ಬೆಲೆ ಇಳಿಸಿ ವಾಪಸು ಕರೆತರುತ್ತಿದ್ದೆ.

ಹೆಂಡತಿ ಮುನಿರತ್ನಮ್ಮ ಮುಳಬಾಗಿಲಿನ ಆಚೆಯ ಊರಿನವಳು. ಮನೆಮಾತು ತೆಲುಗು. ತವರಿನಲ್ಲಿ ಎತ್ತು ಸಾಕಿ ಮಾರುವ ಕಸುಬು. ಬೇರೆ ಮನೆಯ ಹೆಣ್ಣಾಗಿದ್ದರೆ ಧೈರ್ಯ ಬರುತ್ತಿತ್ತೇನೋ. ಬರೆ ಎಂದರೆ ಏನೆಂದು ಬಲ್ಲವಳ ಮುಂದೆ ಬನಿಯನ್ನು ತೆಗೆಯುವುದು ಹೇಗೆ? ಅವಳ ಕೈ ನನ್ನತ್ತ ಬರುವುದೇ ತಡ, ಕೊಟ್ಟಿಗೆಯ ಬಾಗಿಲು ಹಾಕಿಲ್ಲವೆಂದು ನೆನಪಾಗಿ ಎದ್ದುಬಿಡುತ್ತಿದ್ದೆ. ಯುದ್ಧದ ಕಾಲದಲ್ಲಿ ಸೀಮೆಎಣ್ಣೆಗೆ ಬರ ಬಂದಾಗ ನನಗೆ ಆದ ಅನುಕೂಲ ಇನ್ನಾರಿಗೂ ಆಗಿರಲಾರದು. ದೀಪ ಆರಿಸಲು ಗೌರವಸ್ಥ ಕಾರಣವೊಂದು ಸಿಕ್ಕಿತು. ಹಬ್ಬದ ದಿನ ಎಣ್ಣೆ ಹಚ್ಚಲು ಅವಳು ಬಟ್ಟಲು ಹಿಡಿದು ಬಂದರೆ, ಬಟ್ಟಲನ್ನು ಕಸಿದುಕೊಂಡು ಒಬ್ಬನೇ ಬಾವಿಯ ಕಡೆ ಹೋಗುತ್ತಿದ್ದೆ. ಆಗ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ನನ್ನನ್ನು ನೋಡಿ ನಗುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಕುಗ್ಗುತ್ತಿದ್ದೆ.

ನನ್ನ ಜೊತೆಯ ದಲ್ಲಾಳಿ ಬಾಷಾ ಸಾಬರು ಒಮ್ಮೆ ಸಂತೆಯಲ್ಲಿ ನನ್ನ ಕೋಟಿನ ತುದಿ ಹಿಡಿದೆಳೆದರು. “ಏನ್ ಭಾಯಿ, ಈ ಬಿಸಿಲಿಗೆ ಎಮ್ಮೆನೂ ಚರ್ಮ ಬಿಚ್ಚಿಡೋಣ ಅಂತದೆ. ನೀನು ಮದುಮಗನ ಥರ ಬಂದಿದೀಯಲ್ಲ. ಮನೇಲೂ ಹಿಂಗೇನಾ? ಪಾಪ, ಭಾಬಿ.”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ನಕ್ಕು ತಳ್ಳಿಹಾಕುವುದೂ ಒಂದು ವ್ಯಾಪಾರವೇ; ಆದರೆ ಅದರ ನಷ್ಟ ಮನೆಯಲ್ಲಿ ಕೂತವಳಿಗೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಮುನಿರತ್ನಮ್ಮ ತನ್ನ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

“ನಾಳೆ ನಮ್ಮಣ್ಣ ಗಾಡಿ ತರ್ತಾನೆ. ಊರಿಗೆ ಹೋಗ್ತೀನಿ.”

“ಹೋಗಿ ಬಾ. ಯಾವಾಗ ಬರ್ತೀಯ?”

“ಬರಲ್ಲ. ನೀವು ಇನ್ನೊಂದು ಮದುವೆ ಮಾಡ್ಕೊಳ್ಳಿ. ಮಗೂನೂ ಆಗ್ತದೆ. ನಾನೇನೂ ಅಂದ್ಕೊಳ್ಳಲ್ಲ.”

“ಯಾರೇನಂದ್ರೇ ನಿಂಗೆ?”

“ಯಾರೂ ಏನೂ ಅನ್ನಲಿಲ್ಲ. ನಾನು ದನದ ಮನೇಲಿ ಹುಟ್ಟಿದೋಳು. ಬೇಕಾದೋನು ಎತ್ತಿನ ಬೆನ್ನ ಮೇಲೆ ಕೈ ಇಡ್ತಾನೆ. ಬೇಡದೋನು ದೂರದಿಂದ್ಲೇ ನೋಡಿ ಮುಂದಕ್ಕೆ ಹೋಗ್ತಾನೆ. ನೀವು ದಿನಾ ಮುಂದಕ್ಕೇ ಹೋಗ್ತಿದ್ರಿ. ನಂಗೆ ಅಷ್ಟೂ ಗೊತ್ತಾಗಲ್ವಾ?”

ಸಂತೆಯಲ್ಲಿ ನನ್ನನ್ನು ಯಾರೂ ಹಾಗೆ ಕೆಡವಿದ್ದಿಲ್ಲ. ಅಷ್ಟು ವರ್ಷ ನಾನು ನನ್ನನ್ನು ಐಬು ಇರುವ ಎತ್ತು ಎಂದುಕೊಂಡು ಮುಚ್ಚಿಟ್ಟಿದ್ದೆ. ಅವಳು ನನ್ನನ್ನು ಕೊಳ್ಳಲು ಬಂದು ಮನಸ್ಸಾಗದೆ ಹೋಗುವ ಗಿರಾಕಿ ಎಂದುಕೊಂಡಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ಮಾರಾಟಕ್ಕೆ ನಿಂತಿದ್ದೆವು; ಕೊಳ್ಳುವವರೇ ಇರಲಿಲ್ಲ.

ಗವಾಕ್ಷಿಯಿಂದ ಬಿಸಿಲು ಬೀಳುವ ಕಡೆ ಹೋಗಿ ನಿಂತು, ಕೋಟು ತೆಗೆದೆ, ಅಂಗಿ ತೆಗೆದೆ. ಬನಿಯನ್ನು ತಲೆಯ ಮೇಲಿಂದ ಎಳೆಯುವಾಗ ಅದು ಮುಖಕ್ಕೆ ಸಿಕ್ಕಿಕೊಂಡು, ಕೊನೆಗೆ ಅವಳೇ ಬಿಡಿಸಬೇಕಾಯಿತು.

ನೋಡಿದಳು. “ಇಂತೇನಾ?” ಎಂದಳು. ಇಷ್ಟೇನಾ ಎಂದು, ತೆಲುಗಿನಲ್ಲಿ. ಮನಸ್ಸು ಕಲಕಿದಾಗ ಅವಳಿಗೆ ತೆಲುಗೇ ಬರುತ್ತಿದ್ದದ್ದು. ಆಮೇಲೆ ಸಿಟ್ಟು ಬಂತು. “ಇದಕ್ಕಾ? ನಮ್ಮಪ್ಪನಿಗೆ ಇದರ ಎರಡರಷ್ಟು ಐತೆ. ಊರಿಗೆಲ್ಲ ತೋರಿಸ್ಕೊಂಡು ತಿರುಗ್ತಾರೆ.”

“ಮತ್ತೆ ನೀನ್ಯಾಕೆ ಸೆರಗಿನೊಳಗೆ ನಗ್ತಿದ್ದೆ?”

“ನಗೋದಾ? ನನ್ನ ಹಲ್ಲು ಉಬ್ಬಲ್ವಾ? ಹಲ್ಲು ನೋಡಿ ಬದುಕೋ ಮನುಷ್ಯನ ಮುಂದೆ ಬಾಯಿ ಬಿಡೋದು ಹೆಂಗೆ?”

ನಿಜ ಹೇಳುತ್ತೇನೆ, ಅವಳ ಹಲ್ಲು ಉಬ್ಬೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ನೋಡಿದ್ದರಲ್ಲವೇ ಗೊತ್ತಾಗುವುದು.

ಅವಳು ಬೆರಳಿನಿಂದ ಒಂದೊಂದೇ ಬರೆ ಮುಟ್ಟುತ್ತ ಕೇಳಿದಳು: “ಇದನ್ನ ಹಾಕೋವಾಗ ಯಾರು ಹಿಡ್ಕೊಂಡಿದ್ರು?”

“ನಮ್ಮಮ್ಮ.”

“ತುಂಬಾ ಅತ್ರಾ?”

ಬರೆ ಕಂಡವರು ಯಾವ ಕಾಯಿಲೆ ಎಂದು ಕೇಳುವುದನ್ನು ಕೇಳಿದ್ದೆ, ನಾನೂ ಕೇಳಿದ್ದೆ. ನೋವಾಯಿತೇ ಎಂದು ಯಾರೂ ಯಾವ ಎತ್ತನ್ನೂ ಕೇಳಿದ್ದಿಲ್ಲ.

ಮರುದಿನ ಭಾವಮೈದುನ ಬಂದು, ಮುದ್ದೆ ಉಂಡು, ತಂಗಿಯನ್ನೂ ನನ್ನನ್ನೂ ಬೈದು, ಖಾಲಿ ಗಾಡಿ ಹೊಡೆದುಕೊಂಡು ಹೋದ. ಆಮೇಲೆ ನಾವು ಚೆನ್ನಾಗಿಯೇ ಬಾಳಿದೆವು. ಆದರೆ ಆ ಮಧ್ಯಾಹ್ನದ ಹೊತ್ತಿಗೆ ನನ್ನ ಕಿವಿಯ ಪಕ್ಕ ನರೆ ಬಂದಿತ್ತು. ಅವಳೂ ನಮ್ಮ ಮನೆಗೆ ಬಂದ ಹುಡುಗಿಯಾಗಿ ಉಳಿದಿರಲಿಲ್ಲ. ಮಕ್ಕಳಾಗಲಿಲ್ಲ. ಆ ಹುಡುಗಿ ಹೇಗೆ ನಗುತ್ತಿದ್ದಳು ಎಂದು ಈಗಲೂ ಒಮ್ಮೊಮ್ಮೆ ಊಹಿಸಲು ನೋಡುತ್ತೇನೆ. ಸಾಧ್ಯವಾಗುವುದಿಲ್ಲ.

ಸಲಹೆ ಕೊಡುವುದು ನನ್ನ ಚಟ, ಕೇಳದಿದ್ದರೂ ಕೊಡುತ್ತೇನೆ. ಹೊಸದಾಗಿ ಮದುವೆಯಾದ ಹುಡುಗರು ಸಿಕ್ಕಿದರೆ ಹೇಳುವುದಿಷ್ಟು: ಮನೆಗೆ ಹೋಗುವ ಮೊದಲೇ ನಿಮ್ಮ ಬೆಲೆಯನ್ನು ನೀವೇ ಕಟ್ಟಿಕೊಂಡು ಹೋಗಬೇಡಿ, ಅಲ್ಲಿರುವವಳು ಬೆಲೆ ಕೇಳಲು ಕೂತಿರುವುದಿಲ್ಲ. ಹುಡುಗರು ನಾಚಿಕೊಂಡು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ. ಸಂಜೆಯಾಗುವುದರೊಳಗೆ ಬಿಚ್ಚಿದರೆ ಸಾಕು.