ಕೇರಾಫ್ ದೊಡ್ಡಸಿದ್ದಯ್ಯ, ಚುಕ್ಕಿ ಮೇಲ್

ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರು, ಹೊಂಗೆಮರದ ಕೆಳಗೆ ಮೂವತ್ತೆಂಟು ವರ್ಷಗಳಿಂದ ಅರ್ಜಿ ಬರೆಯುತ್ತಿರುವ ದೊಡ್ಡಸಿದ್ದಯ್ಯನವರ ಬಗ್ಗೆ ಯಾರೂ ಅಭಿನಂದನ ಗ್ರಂಥ ತರುವುದಿಲ್ಲ. ಅಂಥ ಗ್ರಂಥಗಳು ಬರುವುದು ಅರ್ಜಿಗಳನ್ನು ತಿರಸ್ಕರಿಸಿ ನಿವೃತ್ತರಾದವರ ಬಗ್ಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವರ ಮುಂದೆ ಒಂದು ಟೈಪ್‌ರೈಟರ್ ಇತ್ತು. ಆಮೇಲೆ ಸರ್ಕಾರಕ್ಕೆ ಜ್ಞಾನೋದಯವಾಗಿ ಅರ್ಜಿಗಳೆಲ್ಲ ಕಂಪ್ಯೂಟರಿಗೆ ಹೋದವು. ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿಕೊಂಡು ದೊಡ್ಡಸಿದ್ದಯ್ಯನವರೂ ಹೋದರು. ಅಲ್ಲೊಂದು ತೊಡಕು. ಪ್ರತಿ ಅರ್ಜಿಯಲ್ಲೂ ಇಮೇಲ್ ವಿಳಾಸ ಕೇಳುತ್ತಿತ್ತು. ಅದನ್ನು ತುಂಬದಿದ್ದರೆ ಅರ್ಜಿ ಒಂದು ಹೆಜ್ಜೆ ಮುಂದಕ್ಕೆ ಹೋಗದು. ಮುಂದೆ ನಿಂತಿರುವವರು ಹದಿನಾರಿನ ರಾಗಿ ಬೆಳೆಯುವವರು, ಸುತ್ತೂರಿನ ಕೂಲಿಯವರು. ಇವರ ಮೇಲ್ ಐಡಿ ಇಲ್ಲದೆ ಇವರ ಪಿಂಚಣಿ ಮಂಜೂರು ಮಾಡಲಾಗದು ಎಂದು ಯೋಚಿಸಿದ ತಲೆ ಯಾವುದೋ, ಅದಕ್ಕೆ ಎಣ್ಣೆ ಹಚ್ಚಬೇಕು.

ದೊಡ್ಡಸಿದ್ದಯ್ಯನವರಿಗೆ ಇದು ತೊಡಕು ಅನ್ನಿಸಲೇ ಇಲ್ಲ. ಹಳ್ಳಿಗಳಿಗೆ ಕಾಗದ ಬರುತ್ತಿದ್ದುದೇ ಹಾಗೆ: ಕೇರಾಫ್ ಹಾಲಿನ ಡೈರಿ, ಕೇರಾಫ್ ನ್ಯಾಯಬೆಲೆ ಅಂಗಡಿ. ಅವರ ಬಳಿ ಚುಕ್ಕಿ ಎಂಬ ಕಂಪನಿಯ ಗುಂಡಿ ಒತ್ತುವ ಫೋನಿತ್ತು. ಅದರ ಜೊತೆಯಲ್ಲೇ ಒಂದು ಮೇಲ್ ವಿಳಾಸ ಪುಕ್ಕಟೆ. ಅದು ಆ ಫೋನಿನಲ್ಲಿ ಮಾತ್ರ ತೆರೆಯುತ್ತಿತ್ತು. ಬಂದವರಿಗೆಲ್ಲ ಅವರು ಅದನ್ನೇ ಬರೆದರು. ಹತ್ತು ವರ್ಷದಲ್ಲಿ ಮುನ್ನೂರ ಹನ್ನೆರಡು ಜನ ಆ ಒಂದು ವಿಳಾಸದಲ್ಲಿ ವಾಸವಾದರು.

ಮೇಲ್ ಬಂದರೆ ವಿತರಣೆಗೂ ಏರ್ಪಾಡಿತ್ತು. ಬೆಳಿಗ್ಗೆ ಮರದಡಿ ಕೂತು ಒಂದೊಂದನ್ನೂ ಓದಿ, ಸಾರವನ್ನು ಚೀಟಿಯಲ್ಲಿ ದುಂಡಗೆ ಬರೆದು, ಹದಿನಾರು, ಸುತ್ತೂರು ಮೇಲೆ ಟಿ. ನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಅಮೃತೇಶನ ಕೈಗೆ ಕೊಡುವುದು. ಅವನು ಆಯಾ ಊರಿನ ಸ್ಟಾಪಿನಲ್ಲಿ ಕೂಗಿ ಕೊಡುವುದು. ಗುಟ್ಟು ಎಂಬುದು ಅಲ್ಲಿ ಇರಲಿಲ್ಲ, ನಿಜ. ಆದರೆ ಒಂದು ಚೀಟಿಯೂ ಕಳೆದಿರಲಿಲ್ಲ.

ಹೋದ ಜೂನ್‌ನ ಒಂದು ಸೋಮವಾರ ಅಮೃತೇಶ ಚೀಟಿ ತೆಗೆದುಕೊಳ್ಳಲು ಬಂದವನು ತನ್ನ ಫೋನನ್ನು ಅವರ ಮೂಗಿನ ಮುಂದೆ ಹಿಡಿದ.

"ದೊಡ್ಡಯ್ಯ, ನಿಮ್ ಚುಕ್ಕಿ ಮೇಲು ಶನಿವಾರ ಸಂಜೆ ಐದಕ್ಕೆ ಬಂದ್ ಅಂತೆ ಕಣ್ರೀ. ಇಲ್ಲಿ ಆಕವ್ರೆ ನೋಡಿ."

"ಯಾರ್ಲಾ ಯೋಳ್ದೋರು? ಬಂದ್ ಮಾಡೋ ಅಂಗಿದ್ರೆ ನಂಗೆ ಯೋಳ್ದೆ ಮಾಡ್ತಾರಾ? ಅತ್ ವರ್ಸದ ಗಿರಾಕಿ ನಾನು!"

"ನಿಮ್ಗೇ ಐದ್ ಸಲ ಮೇಲ್ ಆಕೀವಿ ಅಂತವ್ರೆ."

ಅಳಿಸಿದ ಮೇಲುಗಳ ಬುಟ್ಟಿಯನ್ನು ತೆರೆದು ನೋಡಿದರೆ ಐದೂ ಅಲ್ಲಿ ಬಿದ್ದಿದ್ದವು. ಹತ್ತು ವರ್ಷ ಆ ಕಂಪನಿ ಕಳಿಸಿದ್ದು ಹೊಸ ವರ್ಷದ ಶುಭಾಶಯ ಮತ್ತು ಫೋನಿನ ಕವರ್ ಕೊಳ್ಳಿ ಎಂಬ ಗೋಗರೆತ. ಹಾಗಾಗಿ ಚುಕ್ಕಿ ಹೆಸರಿನಲ್ಲಿ ಬಂದದ್ದನ್ನೆಲ್ಲ ಅವರು ತೆರೆಯದೆ ಅಳಿಸುತ್ತಿದ್ದರು. ಐದೂ ನೋಟಿಸು ಇಂಗ್ಲಿಷಿನಲ್ಲಿದ್ದವು. ನಮ್ಮ ಪಯಣದಲ್ಲಿ ಜೊತೆಯಾದುದಕ್ಕೆ ವಂದನೆ ಅಂತೆ. ನಡುದಾರಿಯಲ್ಲಿ ಬಸ್ಸಿನಿಂದ ತಳ್ಳಿ ಟಾಟಾ ಮಾಡುವುದಕ್ಕೆ ದೊಡ್ಡ ಕಂಪನಿಗಳಲ್ಲಿ ಈ ಮಾತನ್ನು ಬಳಸುತ್ತಾರೆ.

ದೊಡ್ಡಸಿದ್ದಯ್ಯ ಅವತ್ತು ಬರೆದದ್ದು ಒಂದೇ ಒಕ್ಕಣೆಯ ಚೀಟಿ, ಹನ್ನೊಂದು ಊರಿಗೆ. "ನನ್ನ ಮೇಲು ಶನಿವಾರ ಮುಚ್ಚುತ್ತದೆ. ಹೊಸ ಮೇಲ್ ಮಾಡಿಸಿಕೊಂಡು ತಕ್ಷಣ ಬನ್ನಿ. ತಪ್ಪು ನನ್ನದು." ಕೊನೆಯ ಎರಡು ಪದ ಚುಕ್ಕಿ ಕಂಪನಿಯ ಐದು ನೋಟಿಸಿನಲ್ಲೂ ಇರಲಿಲ್ಲ.

ಮಂಗಳವಾರ ಮರದ ಕೆಳಗೆ ಕಾಲಿಡಲು ಜಾಗವಿಲ್ಲ. ವಿಳಾಸ ಬದಲಿಸಬೇಕಾದರೆ ಹಳೆಯ ಮೇಲಿಗೆ ಒಟಿಪಿ ಬರಬೇಕು. ಜೆರಾಕ್ಸ್ ಅಂಗಡಿಯಿಂದ ಹೆಸರು ಕೂಗಿದ ಕೂಡಲೇ ದೊಡ್ಡಸಿದ್ದಯ್ಯ ಆರು ಅಂಕಿ ಓದಬೇಕು. ಸಾಲಿನಲ್ಲಿ ಮೊದಲು ನಿಂತಿದ್ದ ಹದಿನಾರಿನ ಬೋರಯ್ಯನಿಗೆ ಇದು ಸಮಾಧಾನವಾಗಲಿಲ್ಲ.

"ಮುಚ್ದೋರು ಒಳ್ಗಡೆ ಇರೋ ಕಾಗ್ದ ಎಲ್ಲಿಗ್ ಸಾಗಿಸ್ತಾರೆ? ನನ್ ಪಿಂಚಣಿ ಆರ್ಡ್ರು ಅದ್ರೊಳ್ಗದೆ."

"ಸುಟ್ಟಾಕ್ತಾರೆ ಕಣಯ್ಯ. ನಾನು ಬುಕ್ಕಲ್ಲಿ ಬರ್ಕೊಂಡಿವ್ನಿ, ಎದ್ರಬ್ಯಾಡ."

"ಮೊಬೈಲ್ ಒಳ್ಗಿದ್ದದ್ದನ್ನ ಪೆನ್ನಲ್ ಬರ್ಕೊಂಡ್ರಾ? ಅಂಗಾರೆ ಮೊದ್ಲೇ ಬುಕ್ ಇಟ್ಕಂಡಿದ್ರೆ ಆಗಿತ್ತಲ್ಲ, ಈ ಮೊಬೈಲ್ ಯಾಕ್ ಬೇಕಿತ್ತು?"

ದೊಡ್ಡಸಿದ್ದಯ್ಯ ಅವನ ಒಟಿಪಿಯ ಆರು ಅಂಕಿ ಓದಿ, ಮುಂದಿನ ಹೆಸರು ಕೂಗಿಸಿದರು.

ಆ ಸಾಲಿನ ಮಧ್ಯಕ್ಕೆ ಹದಿನಾರಿನ ಪುಟ್ಟಬಸಮ್ಮನ ಮಗಳು ಮಧುಶ್ರೀ ಬಂದಳು. ನಂಜನಗೂಡಿನ ಒಂದು ಖಾಸಗಿ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ರಕ್ತ ತೆಗೆಯುವ ಕೆಲಸ ಅವಳದು. ಕೈ ಹಗುರ ಎಂದು ಊರಲ್ಲೆಲ್ಲ ಹೆಸರು. ಸರ್ಕಾರಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಇದು ಅವಳ ಆರನೆಯ ಅರ್ಜಿ. ಬರುವ ಸಲಕ್ಕೆ ವಯಸ್ಸು ಮೀರುತ್ತದೆ, ಹಾಗಾಗಿ ಕೊನೆಯದೂ ಹೌದು. ದಾಖಲೆ ಪರಿಶೀಲನೆಯ ಕರೆ ಈ ತಿಂಗಳಲ್ಲಿ ಬರಬೇಕಿತ್ತು. ಕರೆ ಇಮೇಲ್ ಮೂಲಕ ಮಾತ್ರ ಎಂದು ಪ್ರಕಟಣೆಯ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಅವಳಿಗೆ ಸ್ವಂತ ಮೇಲ್ ಇಲ್ಲದೆ ಏನಿಲ್ಲ. ಆದರೆ ಎಲ್ಲ ಅರ್ಜಿಗಳೂ ಹತ್ತು ವರ್ಷದ ಹಿಂದೆ ಅವಳ ಅವ್ವ ಹೋಗಿ ಮಾಡಿಸಿದ್ದ ಒಂದೇ ನೋಂದಣಿಗೆ ಕಟ್ಟಿಬಿದ್ದಿದ್ದವು. ಅಲ್ಲಿದ್ದ ವಿಳಾಸ, ಕೇರಾಫ್ ದೊಡ್ಡಸಿದ್ದಯ್ಯ.

ಅವಳ ನೋಂದಣಿ ತೆರೆದು ವಿಳಾಸ ಬದಲಿಸಲು ಹೋದರೆ ಪರದೆಯ ಮೇಲೆ ಬಂದದ್ದು: ನೇಮಕಾತಿ ಮುಗಿಯುವವರೆಗೆ ತಿದ್ದುಪಡಿಗೆ ಅವಕಾಶವಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದರು. ಮೂವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ದನಿ ಹೇಳಿತು: ನಿಮ್ಮ ಮೇಲ್ ಮುಚ್ಚುತ್ತಿದ್ದರೆ ಅದನ್ನು ನೋಂದಾಯಿತ ಮೇಲಿನಿಂದಲೇ ತಿಳಿಸಿ. ದೊಡ್ಡಸಿದ್ದಯ್ಯ ಗುಂಡಿ ಒತ್ತಿ ಒತ್ತಿ ಪುಟಗಟ್ಟಲೆ ಬರೆದು ಕಳಿಸಿದರು. ಚಿಟಿಕೆ ಹೊಡೆಯುವುದರಲ್ಲಿ ಉತ್ತರ ಬಂತು: ನಿಮ್ಮ ಮನವಿಗೆ ಏಳು ಕೆಲಸದ ದಿನಗಳಲ್ಲಿ ಇದೇ ವಿಳಾಸಕ್ಕೆ ಉತ್ತರಿಸಲಾಗುವುದು.

ಮಧುಶ್ರೀ ನಕ್ಕಳು, ಅಳುವುದಕ್ಕೆ ಮೊದಲು ನಗುವಂತೆ. "ಸತ್ತೋನ ಮನೆ ಬಾಗ್ಲಿಗೆ ಬಂದು ಉತ್ರ ಕೊಡ್ತಾರಂತೆ, ತಾತ."

"ಅಳ್ಬ್ಯಾಡ ಕಣವ್ವ. ಇವ್ರು ಮಿಷಿನ್ನು. ಮಿಷಿನ್ ಇಂದೆ ಒಂದು ಟೇಬಲ್ ಇದ್ದೇ ಇರ್ತದೆ. ನಂಗೆ ಟೇಬಲ್ ಗೊತ್ತು. ಗುರುವಾರ ರಜ ಆಕು."

ಗುರುವಾರ ಇಬ್ಬರೂ ಅಮೃತೇಶನ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಹೋದರು. ನೇಮಕಾತಿ ನಡೆಸುತ್ತಿದ್ದ ಕಚೇರಿ ಅಲ್ಲಿ. ಯಾವುದೆಂದು ಬರೆಯುವುದಿಲ್ಲ, ಬರೆದರೆ ಉಳಿದ ಕಚೇರಿಗಳವರು ತಾವು ಹಾಗಿಲ್ಲ ಎಂದುಕೊಂಡು ಆರಾಮಾಗುತ್ತಾರೆ. ಸಾಹೇಬರು ತಲೆಯೆತ್ತದೆ "ಎಲ್ಲ ಆನ್‌ಲೈನ್" ಅಂದರು. ದೊಡ್ಡಸಿದ್ದಯ್ಯ ಫೋನ್ ತೋರಿಸಹೋದರೆ "ಅದನ್ನು ಒಳಗೆ ತರುವಂತಿಲ್ಲ" ಅಂದರು. ಸಾಹೇಬರ ಕೈಯಲ್ಲಿದ್ದ ಫೋನಿನಲ್ಲಿ ಕ್ರಿಕೆಟ್ ಓಡುತ್ತಿತ್ತು.

ಹಿಂದಿನ ಕೋಣೆಯಲ್ಲಿ ಟಪಾಲು ವಿಭಾಗ. ಟಪಾಲು ಅಂದರೆ ಒಳಗೆ ಬರುವ ಕಾಗದಕ್ಕೆಲ್ಲ ನಂಬರು ಹಾಕಿ ಮೊಹರು ಒತ್ತುವ ಜಾಗ. ಅಲ್ಲಿನ ಗುಮಾಸ್ತೆ ಸುಬ್ಬಲಕ್ಷ್ಮಮ್ಮನವರ ಮುಂದೆ ಆಳೆತ್ತರದ ಕಾಗದದ ರಾಶಿ.

"ಏನ್ರೀ ಸ್ವಾಮಿ, ಇಲ್ಲಿ ಕಾಗದ ತಗೊಳಲ್ಲ, ಮೇಲ್ ಮಾಡಿ."

"ಮಾಡೀವಿ ತಾಯಿ, ಮಂಗಳವಾರ್ವೇ. ಅದೆಲ್ಲಿಗ್ ಓಯ್ತು?"

ಸುಬ್ಬಲಕ್ಷ್ಮಮ್ಮ ರಾಶಿಯ ಕಡೆ ಗಲ್ಲ ಎತ್ತಿದರು. "ಬರೋ ಮೇಲ್‌ನೆಲ್ಲ ಪ್ರಿಂಟ್ ತೆಗೆದು ರಿಜಿಸ್ಟರಿಗೆ ಹತ್ತಿಸೋದು ನಾನೇ. ಶುಕ್ರವಾರ ಶುಕ್ರವಾರ ತೆಗೀತೀನಿ. ಹೋದ ಶುಕ್ರವಾರ ಟೋನರ್ ಇರ್ಲಿಲ್ಲ."

ಇದು ನಮ್ಮ ಆನ್‌ಲೈನ್. ಒಂದು ತುದಿಯಲ್ಲಿ ದೊಡ್ಡಸಿದ್ದಯ್ಯ ಮೇಲನ್ನು ಪೆನ್ನಿನಲ್ಲಿ ಕಾಗದಕ್ಕಿಳಿಸುತ್ತಾರೆ, ಇನ್ನೊಂದು ತುದಿಯಲ್ಲಿ ಸುಬ್ಬಲಕ್ಷ್ಮಮ್ಮ ಪ್ರಿಂಟರಿನಲ್ಲಿ ಇಳಿಸುತ್ತಾರೆ. ನಡುವೆ ಇರುವುದಕ್ಕೆ ಡಿಜಿಟಲ್ ಕ್ರಾಂತಿ ಎಂದು ಹೆಸರು.

ದೊಡ್ಡಸಿದ್ದಯ್ಯ ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಅರ್ಜಿ ಬರೆದರು. ವಿಷಯ, ಉಲ್ಲೇಖ, ಲಗತ್ತು, ಕೊನೆಗೆ ಮಧುಶ್ರೀಯ ಹೊಸ ಮೇಲ್ ವಿಳಾಸ. ಎರಡು ಪ್ರತಿ. "ಅದೇ ಮೇಲಿನ ಪ್ರತಿ ತಾಯಿ ಇದು. ಶುಕ್ರವಾರ ನೀವ್ ತೆಗೆಯೋ ಪ್ರಿಂಟ್‌ನ ನಾನೇ ಬರ್ದ್ ತಂದಿವ್ನಿ. ನಿಮ್ ಟೋನರ್ ಉಳೀತು."

ಸುಬ್ಬಲಕ್ಷ್ಮಮ್ಮ ಓದಿದರು. ಅಕ್ಷರ ನೋಡಿಯೋ ಏನೋ, ಇನ್ನೊಮ್ಮೆ ಓದಿದರು.

"ಸೀಲ್ ಒತ್ತಿದ್ರೆ ನಂಬರ್ ಬೀಳುತ್ತೆ ಕಣ್ರೀ. ಉತ್ತರ ಹೋಗ್ಲಿಲ್ಲ ಅಂದ್ರೆ ತಿಂಗಳ ಕೊನೇಲಿ ಬಾಕಿ ಪಟ್ಟಿ ಹಿಡ್ಕೊಂಡು ನನ್ನೇ ಕೇಳ್ತಾರೆ."

"ಅದಕ್ಕೇ ಅಲ್ವಾ ನಾನು ಕೇಳ್ತಿರೋದು."

ಸುಬ್ಬಲಕ್ಷ್ಮಮ್ಮ ಎರಡೂ ಪ್ರತಿಗೆ ದಬದಬ ಒತ್ತಿ, ಒಂದನ್ನು ವಾಪಸು ಕೊಟ್ಟರು. ಸಾಹೇಬರ ಮೇಜಿನಲ್ಲಿ ಅದು ಎಷ್ಟು ದಿನ ಮಲಗುತ್ತದೋ ತಾನು ಹೇಳಲಾರೆ ಎಂದೂ ಸೇರಿಸಿದರು.

ಶನಿವಾರ ಸಂಜೆ ಐದಕ್ಕೆ ಚುಕ್ಕಿ ಮೇಲ್ ನಿಂತಿತು. ಮುನ್ನೂರ ಹನ್ನೆರಡರಲ್ಲಿ ಮುನ್ನೂರ ಮೂರು ಜನ ಬೇರೆ ಬೇರೆ ವಿಳಾಸಗಳಿಗೆ ಗುಳೆ ಹೋಗಿದ್ದರು. ಎಂಟು ಜನ ತೀರಿಕೊಂಡಿದ್ದರು. ಒಬ್ಬಳು ಬಾಕಿ.

ಸೋಮವಾರದಿಂದ ದೊಡ್ಡಸಿದ್ದಯ್ಯ ಮರದ ಕೆಳಗೆ ಕೂರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ನರಸೀಪುರ, ಹತ್ತೂವರೆಗೆ ಟಪಾಲು ಕಿಟಕಿ. "ಏನಾರ ಓಯ್ತಾ ತಾಯಿ?" "ಇಲ್ಲ ಸ್ವಾಮಿ." ಮತ್ತೆ ಬಸ್ಸು. ನಾಲ್ಕನೆಯ ದಿನ ಅಮೃತೇಶ ಟಿಕೆಟ್ ಹರಿಯದೆ ಪಕ್ಕದಲ್ಲಿ ಕೂತ. "ಅರವತ್ತಾರಾಯ್ತು ನಿಮ್ಗೆ. ಆ ಉಡ್ಗಿ ನಿಮ್ನ ಓಗು ಅಂದಳಾ?"

"ಇಲ್ಲ ಕಣ್ಲಾ. ಅವ್ಳು ಒಂದ್ ಮಾತೂ ಅನ್ಲಿಲ್ಲ. ಅನ್ನದೆ ಇದ್ದದ್ಕೇ ಓಯ್ತಿವ್ನಿ."

ಒಂಬತ್ತನೆಯ ದಿನ ಕಿಟಕಿಯಲ್ಲಿ ಸುಬ್ಬಲಕ್ಷ್ಮಮ್ಮನವರೇ ಮೊದಲು ಮಾತಾಡಿದರು. ದನಿ ತಗ್ಗಿಸಿ.

"ಸ್ವಾಮಿ, ಕರೆ ಮೊನ್ನೆ ಸಂಜೇನೇ ಹೋಗಿದೆ. ಹಳೇ ವಿಳಾಸಕ್ಕೇ. ಅದು ತಿರುಗಿ ಬಂದು ನಮ್ಮ ಕಚೇರಿ ಮೇಲಲ್ಲಿ ಬಿದ್ದಿದೆ, ನಾನು ಈಗ ನೋಡ್ದೆ. ನಿಮ್ಮ ಅರ್ಜಿ ಸಾಹೇಬರ ಮೇಜಲ್ಲಿ ಎಡಗಡೆ ಕಟ್ಟಲ್ಲೇ ಇದೆ, ಅವರು ತೆಗೆದೇ ಇಲ್ಲ. ಪರಿಶೀಲನೆ ಇವತ್ತೇ. ಒಂದು ಗಂಟೆಗೆ ಮುಗಿಯುತ್ತೆ."

ದೊಡ್ಡಸಿದ್ದಯ್ಯನವರ ಚುಕ್ಕಿ ಫೋನಿಗೆ ಮೇಲ್ ಇಲ್ಲದಿದ್ದರೂ ದನಿ ಇತ್ತು. ಲ್ಯಾಬಿನಲ್ಲಿ ಮಧುಶ್ರೀ ಯಾರದೋ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು. ಸುದ್ದಿ ಕೇಳಿ, ತೆಗೆಯಬೇಕಿದ್ದ ರಕ್ತವನ್ನು ತೆಗೆದು, ಬಾಟಲಿಗೆ ಹೆಸರು ಬರೆದು, ಆಮೇಲೆ ಓಡಿದಳು. ದಾಖಲೆಗಳ ಫೈಲು ಹದಿನಾರಿನ ಮನೆಯಲ್ಲಿತ್ತು. ಮಗಳ ಫೋನ್ ಬಂದದ್ದೇ ಪುಟ್ಟಬಸಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟಾಪಿನಲ್ಲಿ ನಿಂತಿದ್ದರು. ಅಮೃತೇಶನ ಹನ್ನೊಂದೂವರೆಯ ಟ್ರಿಪ್ಪು ಅವತ್ತು ಸುತ್ತೂರಿನಲ್ಲಿ ಹತ್ತು ನಿಮಿಷ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅಲ್ಲಿ ಹತ್ತಬೇಕಿದ್ದವರು ಅವನ ವಂಶವನ್ನೆಲ್ಲ ಬೈದರಂತೆ.

ಹನ್ನೆರಡು ನಲವತ್ತಕ್ಕೆ ಅವಳು ಸಾಹೇಬರ ಮುಂದಿದ್ದಳು.

"ಕರೆ ಬಂದ ಮೇಲಿನ ಪ್ರಿಂಟ್ ಎಲ್ಲಿ?"

"ಬಂದಿಲ್ಲ ಸಾ."

"ಬಾರದೆ ಹೇಗೆ ಬಂದ್ರಿ?"

ಬಾಗಿಲಲ್ಲಿ ನಿಂತಿದ್ದ ದೊಡ್ಡಸಿದ್ದಯ್ಯ ಒಳಗೆ ಬಂದು ಮೊಹರಿನ ಪ್ರತಿಯನ್ನು ಮೇಜಿನ ಮೇಲಿಟ್ಟರು. "ಸಾ, ಇದ್ರ ಜೋಡಿ ನಿಮ್ ಟೇಬಲ್ ಮೇಲೇ ಅದೆ. ಎಡಗಡೆ ಕಟ್ಟಲ್ಲಿ. ತಾರೀಕು ನೋಡಿ. ಬಾಕಿ ಪಟ್ಟೀಲಿ ಇದು ಬಂದ್ರೆ, ವಿಳಾಸ ಗೊತ್ತಿದ್ದೂ ಸತ್ತ ವಿಳಾಸಕ್ಕೆ ಕರೆ ಕಳ್ಸುದ್ರು ಅಂತ ನಾನೇ ಇನ್ನೊಂದು ಅರ್ಜಿ ಬರೀಬೇಕಾಯ್ತದೆ. ನನ್ ಅಕ್ಷರ ಚೆನ್ನಾಗದೆ, ಸಾ, ಮೇಲ್ನೋರೂ ಓದ್ತಾರೆ."

ಸಾಹೇಬರು ಎಡಗಡೆಯ ಕಟ್ಟನ್ನು ನೋಡಿದರು. ಅಲ್ಲಿತ್ತು. ಗಂಟಲು ಸರಿಮಾಡಿಕೊಂಡು, "ಫೈಲ್ ಕೊಡಮ್ಮ" ಅಂದರು.

ಪರಿಶೀಲನೆ ಮುಗಿದ ಮೇಲೆ ಒಂದು ನಮೂನೆ ತುಂಬಲು ಕೊಟ್ಟರು. ಇಮೇಲ್ ವಿಳಾಸದ ಜಾಗ ಬಂದಾಗ ದೊಡ್ಡಸಿದ್ದಯ್ಯ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದರು.

"ನಾನೇ ಬರ್ಕೋತೀನಿ ತಾತ, ನೀವ್ ಓಗಿ ಒಂದ್ ಲೋಟ ಏನಾರ ಕುಡೀರಿ. ಬೆಳಿಗ್ಗೆಯಿಂದ ಏನೂ ತಿಂದಂಗಿಲ್ಲ."

ಅವರು ಹೋದರು. ಕಾಫಿ ಕುಡಿದರು. ಎರಡು ಇಡ್ಲಿಯನ್ನೂ ತಿಂದರು.

ಆಯ್ಕೆ ಪಟ್ಟಿ ಜುಲೈ ಕೊನೆಗೆ ಬಂತು. ಮಧುಶ್ರೀ ಆರನೆಯವಳು. ನೇಮಕಾತಿ ಆದೇಶ ಅವಳ ಸ್ವಂತ ಮೇಲಿಗೆ ಬಂತು, ಅವಳು ಮರದ ಕೆಳಗೆ ಬಂದು ತನ್ನ ಫೋನಿನಿಂದ ಅದನ್ನು ದೊಡ್ಡಸಿದ್ದಯ್ಯನವರಿಗೆ ಓದಿ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು.

"ಉಲ್ಲೇಖ ಆಕಿಲ್ಲ," ಅಂದರು ಕೊನೆಗೆ. "ಎರಡ್ನೇ ಪ್ಯಾರಾದಲ್ಲಿ 'ತಾವು' ಅಂತ ಸುರು ಮಾಡಿ 'ನೀನು' ಅಂತ ಮುಗ್ಸವ್ರೆ. ಇಂಥದ್ನ ಬರ್ಯೋನ್ಗೆ ಸಂಬಳ ಕೊಡ್ತಾರೆ ಕಣವ್ವ. ಎಲ್ಲಿ, ಇನ್ನೊಂದ್ ಸಲ ಓದು."