ಸೋತವರ ಅಡುಗೆಮನೆಗೆ ತೀರ್ಪು ಒಯ್ಯುವವಳು

ಗಡಿಕಲ್ಲು ತೋರಿಸಲು ಎರಡು ಹೆಜ್ಜೆ ಮುಂದಿಟ್ಟ ನಾನು ಮೊಣಕಾಲುದ್ದ ಜೌಗಿನಲ್ಲಿ ಹೂತೆ. ಒಂದು ಕೈಯನ್ನು ನ್ಯಾಯಾಧೀಶೆ, ಇನ್ನೊಂದನ್ನು ಎದುರು ಪಕ್ಷದ ವಕೀಲ ಹಿಡಿದೆಳೆದರು. ಬೂಟು ಅಲ್ಲೇ ಉಳಿಯಿತು. ಬೆಟ್ಟಗಳ ನಡುವೆ ಕಡಲು ಒಳಚಾಚಿದ ನಮ್ಮ ಫ್ಯೋರ್ಡ್ ದಂಡೆಯಲ್ಲಿ ಗಡಿ ಜಗಳವಾದರೆ ನ್ಯಾಯಾಲಯವೇ ರಬ್ಬರ್ ಬೂಟು ಮೆಟ್ಟಿ ಹೊಲಕ್ಕೆ ಬರುತ್ತದೆ. ಅದರ ಬೂಟುಗಳೇನೋ ಕ್ಷೇಮವಾಗಿದ್ದವು. ಮೂರು ವಾರಕ್ಕೆ ತೀರ್ಪು ಬಂತು. ಸೋತಿದ್ದೆವು.

ನನ್ನ ಜೊತೆ ವಕೀಲಿ ಕಚೇರಿ ನಡೆಸುವವಳು ಗುನ್ವೋರ್ ಲಿಡ್. ಮೂವತ್ತೊಂದು ವರ್ಷದ ವಕೀಲಿಕೆ. ಗೆದ್ದ ತೀರ್ಪನ್ನು ಒಂದು ಸಾಲಿನ ಇಮೇಲ್‌ನಲ್ಲಿ ಕಳಿಸುತ್ತಾಳೆ. ಸೋತದ್ದನ್ನು ಕಕ್ಷಿದಾರನ ಅಡುಗೆಮನೆಗೆ ತಾನೇ ಒಯ್ದು ಓದುತ್ತಾಳೆ.

"ಗೆದ್ದವನು ಯಾವ ಕೋರ್ಟನ್ನಾದರೂ ಹೊಗಳ್ತಾನೆ," ಎಂದಳು ಕಾರಿನಲ್ಲಿ. "ಸೋತವನು ಒಪ್ಪಿದರೆ ಮಾತ್ರ ಅದು ಕೋರ್ಟು."

ಒಪ್ಪಬೇಕಾದವನು ಟೂರ್ಲೈವ್, ಎಪ್ಪತ್ತೆಂಟರ ಕುರಿಗಾರ. ಅವನ ಬೇಲಿ ನೆರೆಯವನ ದೋಣಿಮನೆಯ ದಾರಿಗೆ ಅಡ್ಡವಿದೆ, ಕೀಳಬೇಕು ಎಂದು ತೀರ್ಪು. 'ಬೇಲಿ ಕೀಳೋಕೆ ಪೊಲೀಸರೇ ಬರಲಿ' ಎಂದು ಅವನು ಅಂಗಡಿಯಲ್ಲಿ ಎಲ್ಲರೆದುರು ಸಾರಿಯಾಗಿತ್ತು.

ಅಡುಗೆಮನೆಯಲ್ಲಿ ಅವನು ಕಾಫಿ ಬಗ್ಗಿಸಿ, ಕಂದು ಚೀಸ್ ಇಟ್ಟ ದೋಸೆಯಂಥ ವಾಫಲ್ ನಮ್ಮ ಮುಂದಿಟ್ಟ. ಗುನ್ವೋರ್ ಓದತೊಡಗಿದಳು.

"ಆ ಜಡ್ಜಮ್ಮ ಪೇಟೆಯವಳು. ಕುರಿ ಯಾವುದು ಮೇಕೆ ಯಾವುದು ಗೊತ್ತಾ ಅವಳಿಗೆ?"

"ನಿನ್ನ ಮಾತು ಎಷ್ಟು ಹೊತ್ತು ಕೇಳಿದಳು?"

"ಒಂದೂವರೆ ಗಂಟೆ."

"ನಿನ್ನ ಹೆಂಡತಿ?"

"ಅವಳ್ಯಾವತ್ತು ಅಷ್ಟು ಕೇಳಿದ್ದಾಳೆ?" ಎಂದ. ಒಲೆಯ ಬಳಿಯಿದ್ದ ಹೆಂಡತಿ, "ಕೇಳೋ ಹಾಗೆ ಏನಾದ್ರೂ ಹೇಳಿದ್ರೆ ತಾನೆ," ಎಂದಳು.

ಗುನ್ವೋರ್ ಒಂದು ಪುಟವನ್ನೂ ಹಾರಿಸಲಿಲ್ಲ. ಅವನ ವಾದವನ್ನು ನ್ಯಾಯಾಲಯ ತಳ್ಳಿಹಾಕಿದ ಭಾಗವನ್ನು, ಅವನು ಕೇಳಿದ್ದಕ್ಕೆ, ಎರಡು ಸಲ ಓದಿದಳು. ತಾನು ಸಾಕ್ಷಿಯಾಗಿ ಕೊಟ್ಟಿದ್ದ ಅಜ್ಜನ ಹಳೆಯ ಜಮೀನುಪತ್ರದ ಬಗ್ಗೆಯೇ ಅರ್ಧ ಪುಟ ಬರೆದಿದ್ದಾರೆಂದು ತಿಳಿದಾಗ ಟೂರ್ಲೈವ್ ಕನ್ನಡಕ ತೆಗೆದು ಒರೆಸಿಕೊಂಡ.

"ಅಂದ್ರೆ ಅದನ್ನ ಓದಿದ್ದಾರೆ."

"ಓದಿದ್ದಾರೆ. ಮೇಲ್ಮನವಿಗೆ ಒಂದು ತಿಂಗಳಿದೆ. ಹಾಕೋದಾದ್ರೆ ಹೇಳು, ಬರೀತೀನಿ."

ಅವನು ಕಿಟಕಿಯಾಚೆ ಬೇಲಿಯನ್ನು ನೋಡುತ್ತ ಇನ್ನೊಂದು ವಾಫಲ್ ಮುಗಿಸಿದ. ನಾನು ಮೂರನೆಯದರಲ್ಲಿದ್ದೆ.

"ಬೇಡ ಬಿಡು. ಶನಿವಾರ ಕೀಳ್ತೀನಿ. ಪೊಲೀಸರಿಗೆ ಬೇರೆ ಕೆಲಸ ಇರುತ್ತೆ."

ಬಾಗಿಲವರೆಗೆ ಬಂದವನು ಅವಳ ತೋಳು ಹಿಡಿದು ನಿಲ್ಲಿಸಿದ.

"ನಿಜ ಹೇಳು ಗುನ್ವೋರ್. ಅವರು ಹೇಳಿದ್ದು ಸರೀನಾ?"

"ತಪ್ಪು," ಎಂದಳು ಗುನ್ವೋರ್, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಆದ್ರೆ ಜಗಳಕ್ಕೊಂದು ಕೊನೆ ಬೇಕು; ತಪ್ಪು ಮಾಡೋಕೂ ಯಾರಾದ್ರೂ ಬೇಕಲ್ಲ. ನಾವು ನೇಮಿಸಿರೋದು ಅವರನ್ನೇ."