ಕ್ಯಾಲೆಂಡರ್ ಸಾಫ್, ದೊಡ್ಡವ್ವ ಮಸುಕು

ಮಸುಕಾದ ಫೋಟೋ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆಮನೆಯಲ್ಲಿ ಯಾರಾದರೂ ಮೊಬೈಲ್ ಎತ್ತಿ ಹಿಡಿದು "ಅಕ್ಕೋರ, ಇತ್ಲಾಗ ನೋಡ್ರಿ" ಎಂದರೆ ಸಾಕು, ಮೊದಲು ಅದರ ಲೆನ್ಸ್ ಒರೆಸಿದ್ದೀರಾ ಎಂದು ಕೇಳುತ್ತೇನೆ. ಇವಳಿಗೆ ತಿಕ್ಕಲು ಎಂದು ಜನ ಅಂದುಕೊಂಡರೆ ಅಂದುಕೊಳ್ಳಲಿ. ಎಕಂಬಾದ ನಮ್ಮ ದೊಡ್ಡವ್ವನ ಒಂದೇ ಒಂದು ಫೋಟೋ ತೆಗೆಯಲು ಹೋಗಿ ಮೂರು ತಿಂಗಳು ನಾನು ಪಟ್ಟ ಪಾಡು ಅವರಿಗೇನು ಗೊತ್ತು?

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಔರಾದ್ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಇಡೀ ಆಯುಷ್ಯ ಪಾಠ ಹೇಳಿದವಳು. ಮದುವೆ ಮಾಡಿಕೊಳ್ಳಲಿಲ್ಲ. ಈಗಲೂ ಓಣಿಯ ಅರ್ಧ ಮಕ್ಕಳು ಸಂಜೆ ಅವಳ ಪಡಸಾಲೆಯಲ್ಲಿಯೇ ಮಗ್ಗಿ ಒಪ್ಪಿಸುತ್ತಾರೆ. ಒಂದು ಅಂಕಿ ತಪ್ಪಿದರೂ ಬಿಡುವುದಿಲ್ಲ.

ಈ ಫೋಟೋದ ಗೋಳು ಶುರುವಾದದ್ದು ಅವ್ವ ತೀರಿಕೊಂಡಾಗ. ಚರ್ಚಿನಲ್ಲಿ ಪ್ರಾರ್ಥನೆಗೆ ಅವ್ವನ ದೊಡ್ಡ ಫೋಟೋ ಬೇಕಾಗಿತ್ತು. ನನ್ನ ಮೊಬೈಲ್ ಹುಡುಕಿದೆ. ಯಾರೋ ಕಳಿಸಿದ ಗುಲಾಬಿ ಹೂಗಳಿದ್ದವು, ಆಸ್ಪತ್ರೆಯ ನೋಟೀಸುಗಳಿದ್ದವು, ಉಪ್ಪಿನಕಾಯಿ ಭರಣಿಯೂ ಇತ್ತು. ಅವ್ವನವು ಏಳೆಂಟು ಇದ್ದವು, ಒಂದೂ ಸರಿಯಾಗಿರಲಿಲ್ಲ. ಡ್ಯೂಟಿಗೆ ಓಡುವ ಅವಸರದಲ್ಲಿ ನಾನೇ ತೆಗೆದವು. ಕೊನೆಗೆ ಬೀದರಿನ ಸ್ಟುಡಿಯೋದವನು ವೋಟರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಕೊಟ್ಟ. ದೊಡ್ಡವ್ವ ಅದರ ಎದುರು ನಿಂತು ಬಹಳ ಹೊತ್ತು ನೋಡಿದಳು.

"ಇಕಿ ನನ್ನ ತಂಗಿ ಅಲ್ಲ," ಎಂದಳು. "ಪೊಲೀಸರು ಹಿಡಕೊಂಡ್ ಹೋದಾಗ ತೆಗದಂಗ ಅದ."

ಅವಳು ಹೇಳಿದ್ದು ಖರೆಯೇ ಇತ್ತು. ಮನೆಗೆ ಬಂದ ಮೇಲೆ ನನ್ನ ಕೈ ಹಿಡಿದು ಕೂಡಿಸಿಕೊಂಡಳು. "ನಂದು ಹಿಂಗ ಮಾಡಬ್ಯಾಡ್ರಿ. ನಾ ಜೀವಂತ ಇದ್ದಾಗೇ ನನ್ನ ಫೋಟೋ ತೆಗಿ. ನಾ ನೋಡಿ ಪಾಸ್ ಮಾಡ್ತೇನಿ. ಆಮ್ಯಾಲ ಗ್ವಾಡಿಗಿ ಹಾಕ್ರಿ." ನಾನು ಹೂಂ ಅಂದೆ. ಅಂದು ಮರೆತೆ. ಎರಡು ವರ್ಷ ಬಿಟ್ಟು, ನಾನು ನೌಕರಿಯಿಂದ ನಿವೃತ್ತಳಾದ ಮೇಲೆ, ಅವಳೇ ಫೋನ್ ಮಾಡಿ "ನೀ ತೆಗಿತೀಯೋ, ನಾನೂ ವೋಟರ್ ಕಾರ್ಡ್ ತೆಗದಿಡ್ಲೋ?" ಎಂದು ಕೇಳಿದಳು. ಆ ಮಾತು ಚುಚ್ಚಿತು. ಮರುದಿನವೇ ಬೀದರಿನಿಂದ ಔರಾದ್ ಬಸ್ಸು ಹತ್ತಿದೆ.

ಅವಳ ಷರತ್ತುಗಳು ಒಂದೆರಡಲ್ಲ. ಚರ್ಚಿಗೆ ಉಡುವ ಬಿಳಿ ಸೀರೆ, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಬೈಬಲ್. ಕುರ್ಚಿಯ ಮೇಲೆ ನೆಟ್ಟಗೆ ಕೂಡುತ್ತಾಳಂತೆ. ದಿನವಿಡೀ ಗೋಡೆಗೆ ತಲೆ ಆನಿಸಿ ಕೂಡುವವಳು ಅಂದು ಮಾತ್ರ ಕುರ್ಚಿಯನ್ನು ಗೋಡೆಯಿಂದ ದೂರ ಎಳೆದಳು. "ಗ್ವಾಡಿಗಿ ಒರಗಿ ಕುಂತ್ರ ರೋಗಿ ಕಂಡಂಗ ಕಾಣ್ತೇನಿ. ನಾ ಟೀಚರ್ ಇದ್ದಾಕಿ." ಅವಳ ಹಿಂದೆ ಗೋಡೆಗೆ ಕ್ಯಾಲೆಂಡರ್. ಎಂಟು ಫೋಟೋ ತೆಗೆದೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದವೇ ಕಂಡವು. ಮರಳುವಾಗ ಬಸ್ಸಿನಲ್ಲಿ ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡುತ್ತೇನೆ, ಮುಖವೇ ಇಲ್ಲ! ಮೂಗು ಎಲ್ಲೋ, ಕಣ್ಣು ಎಲ್ಲೋ, ನೀರು ಬಿದ್ದ ಹಾಳೆಯ ಶಾಯಿಯಂತೆ ಎಲ್ಲ ಕಲಸಿಹೋಗಿತ್ತು.

ಭಾಲ್ಕಿಯಲ್ಲಿರುವ ನನ್ನ ತಮ್ಮನಿಗೆ ಕಳಿಸಿದೆ. ಅವನು ಅದೇ ತಾಲೂಕಿನ ಸಾಯಗಾಂವದಲ್ಲಿ ಮೇಷ್ಟ್ರು. ಏನು ಕೇಳಿದರೂ ಐದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವ ಚಟ ಅವನಿಗೆ. "ಅಕ್ಕ, ಮೊದಲ ಲೆನ್ಸ್ ಒರಸು. ಸೆರಗಿಲಿಂದ ಅಲ್ಲ, ಸೆರಗಿಗಿ ಎಣ್ಣಿ ಇರ್ತದ. ಕನ್ನಡಕದ ಬಟ್ಟಿಲಿಂದ ಒರಸು. ಆಮ್ಯಾಲ ಮುಖದ ಮ್ಯಾಲ ಬೆರಳಿಟ್ಟು ಒತ್ತು. ಆಮ್ಯಾಲ ಉಸಿರು ಹಿಡಿ." ಮೂವತ್ತೆರಡು ವರ್ಷ ನರ್ಸ್ ಆಗಿದ್ದವಳಿಗೆ ಉಸಿರು ಹಿಡಿಯುವುದು ಇವನು ಕಲಿಸಬೇಕೇ? ಆದರೂ ಬಟ್ಟೆ ತೆಗೆದುಕೊಂಡು ಕೂತೆ. ಒರೆಸಿದಷ್ಟೂ ಮಬ್ಬು. ಉಗುರಿನಿಂದ ಕೆರೆದಾಗ ಗೊತ್ತಾಯಿತು: ಅಂಗಡಿಯವನು ಹಚ್ಚಿಕೊಟ್ಟ ತೆಳು ಪ್ಲಾಸ್ಟಿಕ್ ಹಾಳೆ ಎರಡು ವರ್ಷದಿಂದ ಅಲ್ಲಿಯೇ ಇದೆ!

ನಮ್ಮ ಮನೆತನಕ್ಕೆ ಇದೊಂದು ಜಡ್ಡು. ಹೊಸ ವಸ್ತುವಿನ ಪ್ಲಾಸ್ಟಿಕ್ ಬಿಚ್ಚಿದರೆ ಅದು ಹಳೆಯದಾಯಿತು ಎಂದೇ ಲೆಕ್ಕ. ಟಿವಿ ರಿಮೋಟ್ ಇಂದಿಗೂ ಕವರಿನಲ್ಲಿದೆ, ಒಳಗಿನ ಅಂಕಿ ಕಾಣದೆ ಅಂದಾಜಿನ ಮೇಲೆ ಒತ್ತುತ್ತೇವೆ. ಫ್ರಿಜ್ಜಿನ ಬಾಗಿಲಿನ ಹಾಳೆ ತಾನಾಗಿಯೇ ಹರಿದು ಹೋಗುವವರೆಗೆ ಯಾರೂ ಕೈ ಹಚ್ಚಲಿಲ್ಲ. ರೊಟ್ಟಿ ಬಡಿಯುವಾಗ ಮೊಬೈಲ್ ಪಕ್ಕದಲ್ಲೇ ಇಟ್ಟು ಪಾದ್ರಿಗಳ ಪ್ರಸಂಗ ಕೇಳುವ ಅಭ್ಯಾಸ ನನಗೆ. ಆ ಹಾಳೆಯ ಮೇಲೆ ಎರಡು ವರ್ಷದ ಜೋಳದ ಹಿಟ್ಟು ಕೂತಿತ್ತು. ಕಿತ್ತು ಬಿಸಾಕಿ ಹಿತ್ತಲಿನ ಕರಿಬೇವಿನ ಗಿಡದ ಫೋಟೋ ತೆಗೆದೆ. ಎಲೆ ಎಲೆಯೂ ಬೇರೆ ಬೇರೆ ಕಂಡಿತು. ಅಂದು ನಾನು ಒಬ್ಬಳೇ ನಕ್ಕೆ.

ಆ ನಗು ಎಕಂಬಾದವರೆಗೂ ಬಾಳಲಿಲ್ಲ. ಎರಡನೇ ಸಲ ಹದಿನಾಲ್ಕು ತೆಗೆದೆ. ಮೊಣಕೈಗೆ ಸ್ಟೂಲಿನ ಆಸರೆ ಕೊಟ್ಟೆ, ಮುಖದ ಮೇಲೆ ಬೆರಳಿಟ್ಟು ಒತ್ತಿದೆ, ಉಸಿರು ಹಿಡಿದೆ. ಪ್ರತಿ ಸಲವೂ ದೊಡ್ಡವ್ವ ಮೊಬೈಲ್ ಕಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದಳು. "ಊಹೂಂ. ಇನ್ನೊಂದ್ ತೆಗಿ." ಮತ್ತೆ ನೋಡುತ್ತಿದ್ದಳು. "ಇನ್ನೊಂದ್."

"ದೊಡ್ಡವ್ವ, ನೀ ಏನ್ ಸಿನಿಮಾದಾಗ ಪಾರ್ಟ್ ಮಾಡಾಕಿ ಏನು?" ಎಂದೆ. "ಒಳಗ ಕತ್ತಲ ಅದ. ಹೊರಗ ಬಾ, ಬೆಳಕಿನ್ಯಾಗ ಕೂಡು. ಎರಡು ನಿಮಿಷದ ಕೆಲಸ."

"ಹೊರಗ ಬ್ಯಾಡ. ಓಣಿ ಮಂದಿ ಎಲ್ಲ ನಿಂತ್ ನೋಡ್ತಾರ."

"ನೋಡ್ಲಿ. ಏನ್ ಕಳ್ಳತನ ಮಾಡ್ಲತೇವಾ?"

"ಬ್ಯಾಡಂದ್ರ ಬ್ಯಾಡ."

ಹಟ ಎಂದರೆ ಅಷ್ಟು ಹಟ. ಆ ವಯಸ್ಸಿನಲ್ಲಿ ಈ ಶೋಕಿ ಬೇರೆ ಎಂದು ಒಳಗೊಳಗೇ ಬೈದುಕೊಂಡೆ. ಹದಿನಾಲ್ಕೂ ಹಾಳಾಗಿದ್ದವು. ಬಸ್ಸಿನಲ್ಲಿ ಕಿಟಕಿಯಿಂದ ಆಚೆ ಬಿಸಾಕಿಬಿಡಲೇ ಈ ಮೊಬೈಲ್ ಎನ್ನಿಸಿತು.

ಬಿಸಾಕಲಿಲ್ಲ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಎದುರು ಮೊಬೈಲ್ ರಿಪೇರಿ ಮಾಡುವ ಒಬ್ಬರಿದ್ದಾರೆ, ನನ್ನ ವಯಸ್ಸಿನವರೇ, ಅವರ ಹತ್ತಿರ ಒಯ್ದೆ. ಗಂಜಿನಲ್ಲಿ ತೊಗರಿ ಇಳಿಸುವ ಹೊತ್ತು, ಧೂಳೋ ಧೂಳು. ಅವರು ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತು, ಚೀಲ ಹೇರಿದ ಕೈಗಾಡಿ ನೂಕುತ್ತಿದ್ದ ಹಮಾಲನ ಫೋಟೋ ತೆಗೆದರು. ಅವನ ಹಣೆಯ ಬೆವರಿನ ಹನಿ ಸಹ ಎಣಿಸಬಹುದಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ಓಡುವ ಹಮಾಲ ಬರುತ್ತಾನೆ, ಕೂತ ದೊಡ್ಡವ್ವ ಬರುವುದಿಲ್ಲ!

ಅವರು ನನ್ನ ಹದಿನಾಲ್ಕು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. "ಆಪಾ, ಇಲ್ನೋಡ್ರಿ. ಹಿಂದಿನ ಕ್ಯಾಲೆಂಡರ್ ಸಾಫ್ ಅದ, ತಾರೀಖು ಓದ್ಲಕ್ ಬರ್ತದ. ಕುರ್ಚಿ ಸಾಫ್. ಕೈ ಸಾಫ್, ಉಗುರು ಸೈತ ಕಾಣಸ್ತವ. ಬರೇ ಮುಖ ಅಷ್ಟೇ ಹಿಂಗ ಆಗ್ಯಾದ. ಕ್ಯಾಮೆರಾ ಬರೋಬರ್ ಅದ್ರಿ. ಕುಂತವರು ಅಲಗ್ಯಾರ."

ಅಲ್ಲಿಯೇ ನನಗೆ ಹೊಳೆಯಬೇಕಿತ್ತು. ಕೈ ಸ್ಥಿರ, ಮುಖ ಮಾತ್ರ ಮಸುಕು. ಯಾವ ಹೊಸ ನರ್ಸಿಗೂ ಅರ್ಥವಾಗುವ ಸಂಗತಿ. ನನಗೆ ಹೊಳೆದದ್ದು ಇಷ್ಟೇ: ಸಿಕ್ಕಳು ಕಳ್ಳಿ! ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡು ಕೂಡಲು ಆಗುವುದಿಲ್ಲ ಇವಳಿಗೆ, ಅದಕ್ಕಾಗಿ ನಾನು ಬೀದರಿನಿಂದ ಎಕಂಬಾಕ್ಕೆ ಎರಡು ಸಲ ಅಲೆದೆ.

ಮೂರನೆಯ ಸಲ ತಮ್ಮನನ್ನೂ ಕರೆದುಕೊಂಡು ಹೋದೆ. ಅವನು ಅಷ್ಟರಲ್ಲಿ ಹಳೆಯ ಫೋಟೋ ಒಂದನ್ನು ಯಾವುದೋ ಆ್ಯಪಿಗೆ ಹಾಕಿ ಸರಿಪಡಿಸಿಕೊಂಡು ಬಂದಿದ್ದ. ಹೆಮ್ಮೆಯಿಂದ ದೊಡ್ಡವ್ವನ ಮುಂದೆ ಹಿಡಿದ. ಸುಕ್ಕಿಲ್ಲದ ಗಲ್ಲ, ತಿದ್ದಿದ ಹುಬ್ಬು, ಬಾಯಿತುಂಬ ಹಲ್ಲು. ನಮ್ಮ ದೊಡ್ಡವ್ವನಿಗೆ ಮುಂದಿನ ಹಲ್ಲು ಬಿದ್ದು ಹತ್ತು ವರ್ಷವಾಗಿದೆ.

"ಯಾರಪ ಇಕಿ?" ಎಂದಳು. "ಹಲ್ಲು ಭಾಳ ಛಲೋ ಅವ. ನಿನ್ನ ಹೆಣ್ತಿ ಕಡಿ ಮಂದಿ ಏನು?"

ತಮ್ಮ ಪೆಚ್ಚಾಗಿ ಮೊಬೈಲ್ ಜೇಬಿಗೆ ಹಾಕಿಕೊಂಡ. ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಕುರ್ಚಿ ಎಳೆದು ಅವಳನ್ನು ಕೂಡಿಸಿದೆ. ವಾರ್ಡಿನಲ್ಲಿ ಇಂಜೆಕ್ಷನ್ನಿಗೆ ಹೆದರಿ ಕೊಸರಾಡುವ ರೋಗಿಗಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದೆ: "ಇವತ್ತ ಒಂದ್ ಮಾತ ಆಡಬ್ಯಾಡ. ತುಟಿ ಸೈತ ಅಲಗಬಾರ್ದು. ನೀ ಅಲಗೋದ್ಕೇ ಎಲ್ಲ ಹಾಳಾಗ್ಯಾವ. ಮಗ್ಗಿ ಒಪ್ಪಸೋ ಪೋರಗೋಳು ನಿನಕಿನ್ನ ಛಲೋ ಕೂಡ್ತಾವ."

ಅವಳು ಬೈಬಲ್ ಮೇಲೆ ಎರಡೂ ಕೈ ಒತ್ತಿ ಹಿಡಿದಳು. ಬೆರಳ ಗೆಣ್ಣು ಬೆಳ್ಳಗಾದವು. "ಬಟನ್ ಒತ್ತೇ ಹಿಡಿ ಅಕ್ಕ, ಒಮ್ಮಿಗೇ ಇಪ್ಪತ್ತು ಬರ್ತಾವ, ಒಂದರ ಸರಿ ಇರ್ತದ," ಎಂದ ತಮ್ಮ. ಒತ್ತಿ ಹಿಡಿದೆ. ಟರ್ರ್ ಎಂದು ಇಪ್ಪತ್ತು ಫೋಟೋ ಬಂದವು.

ಅಲ್ಲಿಯೇ ನಿಂತು ಬೆರಳಿನಿಂದ ಒಂದೊಂದೇ ಸರಿಸಿದೆ. ಕ್ಯಾಲೆಂಡರ್ ಇದ್ದಲ್ಲಿಯೇ ಇತ್ತು. ಕುರ್ಚಿಯೂ ಕೈಗಳೂ ಇದ್ದಲ್ಲಿಯೇ ಇದ್ದವು. ತಲೆ ಮಾತ್ರ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ. ಬೇಗ ಬೇಗ ಸರಿಸಿದಾಗ ದೊಡ್ಡವ್ವ ನನ್ನ ಅಂಗೈಯಲ್ಲಿ ಕೂತು ಬೇಡ ಬೇಡ ಎನ್ನುತ್ತಿರುವಂತೆ ಕಂಡಿತು. ತುಟಿ ಬಿಗಿಯಾಗಿ ಮುಚ್ಚಿತ್ತು. ಅವಳು ಒಂದು ಮಾತನ್ನೂ ಆಡಿರಲಿಲ್ಲ.

ತಲೆ ನಡುಕ. ಎಷ್ಟು ಮುದುಕರಲ್ಲಿ ನೋಡಿಲ್ಲ ನಾನು? ಕೇಸ್ ಪೇಪರಿನಲ್ಲಿ ಎಷ್ಟು ಸಲ ಬರೆದಿಲ್ಲ? ದಿನವಿಡೀ ಗೋಡೆಗೆ ತಲೆ ಆನಿಸಿ ಕೂಡುವುದು, ಹಣೆಯವರೆಗೆ ಎಳೆದ ಸೆರಗು, ಚರ್ಚಿನಲ್ಲಿ ಕೊನೆಯ ಬೆಂಚು, ಹೊರಗೆ ಬರಲು ಒಲ್ಲೆ ಎಂಬ ಹಟ, ಎಲ್ಲವೂ ನನ್ನ ಕಣ್ಣೆದುರೇ ಇದ್ದವು. ಅವಳಿಗೆ ಅಲ್ಲ, ನನಗೆ ಬೈಯಬೇಕಾಗಿತ್ತು. ನಾಚಿಕೆಯಿಂದ ಮುಖ ಎತ್ತಲು ಆಗಲಿಲ್ಲ.

"ನೋಡ್ದಿ?" ಎಂದಳು ದೊಡ್ಡವ್ವ, ಮೆಲ್ಲಗೆ.

"ಎಷ್ಟ್ ದಿನ ಆಯ್ತು?"

"ವರ್ಷ ಆಗ್ಲಿಕ್ ಬಂತು. ನಾ ಏನೂ ಮಾಡಲ್ಲ, ಅದೇ ಅಲಗ್ತದ. ಒಂದರಾಗರ ನಿಂತಿರ್ತದೇನೋ ಅಂತ ನೋಡ್ಲತಿದ್ದೆ. ಅದಕ್ಕೇ ಇನ್ನೊಂದ್ ತೆಗಿ, ಇನ್ನೊಂದ್ ತೆಗಿ ಅಂತಿದ್ದೆ."

ಶೋಕಿ ಎಂದುಕೊಂಡಿದ್ದೆ ನಾನು. "ನನಗ್ಯಾಕ ಹೇಳಲಿಲ್ಲ, ದೊಡ್ಡವ್ವ?"

"ನೀ ನರ್ಸ್. ನಿನಗೇ ಕಾಣಲಾರದ್ದು ಊರ ಮಂದಿಗಿ ಏನ್ ಕಾಣ್ತದ ಅಂತ ಧೈರ್ಯ ಇತ್ತು."

ತಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾನು ಅವಳ ಮೊಣಕಾಲ ಹತ್ತಿರ ಕೂತು ಅತ್ತೆ. ಅವಳು ಅಳಲಿಲ್ಲ. "ಅಳೋದು ಆಮ್ಯಾಲ. ಫೋಟೋ ಹ್ಯಾಂಗ ಮಾಡ್ತಿ ಅದ್ ಹೇಳು," ಎಂದಳು.

ಗೋಡೆಗೆ ಒರಗು ಎಂದೆ. ಒಲ್ಲೆ ಎಂದಳು. ನೆಟ್ಟಗೆ ಕೂತದ್ದೇ ಬೇಕು, ಟೀಚರ್ ಆಗಿಯೇ ಬೇಕು. ಕೊನೆಗೆ ಮೊಬೈಲನ್ನು ತಮ್ಮನ ಕೈಗೆ ಕೊಟ್ಟು ನಾನು ಕುರ್ಚಿಯ ಹಿಂದೆ ಬಗ್ಗಿ ಕೂತೆ. ಸೆರಗಿನ ಒಳಗೆ ಎರಡೂ ಕೈ ಹಾಕಿ, ಕಿವಿಗಳ ಹಿಂದಿನಿಂದ ಅವಳ ತಲೆಯನ್ನು ಹಿಡಿದೆ. ಚಿಕ್ಕಂದಿನಲ್ಲಿ ಹೀಗೆಯೇ ಹಿಡಿದು ಅವಳು ನನಗೆ ಹೆರಳು ಹಾಕುತ್ತಿದ್ದಳು, ಅಲುಗಿದರೆ ತಲೆಗೊಂದು ಮೊಟಕುತ್ತಿದ್ದಳು. ನಡುಕ ನನ್ನ ಅಂಗೈಗೆ ತಿಳಿಯುತ್ತಿತ್ತು. ಹಾಗೇ ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ನಿಂತಿತು.

"ತೆಗಿಯೋ," ಎಂದೆ ತಮ್ಮನಿಗೆ.

ದೊಡ್ಡವ್ವ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಬಿದ್ದ ಹಲ್ಲಿನ ಸಂದಿ ಕಂಡಿತು. ಒಂದೊಂದು ಸುಕ್ಕೂ ಕಂಡಿತು. ಹಿಂದೆ ಕ್ಯಾಲೆಂಡರಿನ ತಾರೀಖು ಕಂಡಿತು. "ಪಾಸ್," ಎಂದಳು.

ಅವಳನ್ನು ಬೀದರಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ವಯಸ್ಸಿಗೆ ಬರುವಂಥದ್ದು, ಜೀವಕ್ಕೆ ಭಯವಿಲ್ಲ ಎಂದು ಗುಳಿಗೆ ಬರೆದುಕೊಟ್ಟರು. ಆ ಗುಳಿಗೆಗಳನ್ನೂ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯದೆ ಇಟ್ಟಿದ್ದಾಳೆ. ದಿನಾ ನಾನೇ ಫೋನ್ ಮಾಡಿ ಜಗಳಾಡಿ ನುಂಗಿಸಬೇಕು.

ಫ್ರೇಮ್ ಹಾಕಿಸಲು ಮತ್ತೆ ಅದೇ ಸ್ಟುಡಿಯೋಕ್ಕೆ ಹೋದೆ, ಅವ್ವನ ವೋಟರ್ ಕಾರ್ಡ್ ದೊಡ್ಡದು ಮಾಡಿದವನ ಹತ್ತಿರ. ಅವನು ಕಂಪ್ಯೂಟರಿನಲ್ಲಿ ನೋಡಿ, ಕಿವಿಯ ಹತ್ತಿರ ಸೆರಗಿನ ಅಂಚಿನಿಂದ ಇಣುಕುತ್ತಿದ್ದ ನನ್ನ ನಾಲ್ಕು ಬೆರಳು ತೋರಿಸಿದ. "ಇವು ತಗದ್ ಬಿಡ್ತೇನ್ರಿ ಮೇಡಂ, ಐದು ನಿಮಿಷದ ಕೆಲಸ. ಗೊತ್ತೇ ಆಗಲ್ಲ." ಪಾಸ್ ಮಾಡುವವಳು ನಾನಲ್ಲವಲ್ಲ, ಅಲ್ಲಿಂದಲೇ ಎಕಂಬಾಕ್ಕೆ ಫೋನ್ ಹಚ್ಚಿ ಕೇಳಿದೆ.

"ಬ್ಯಾಡ ಅನ್ನು ಅವನಿಗಿ," ಎಂದಳು ದೊಡ್ಡವ್ವ. "ಬೆರಳ್ ತಗದ್ರ ತಲಿ ಮತ್ತ ಅಲಗ್ತದ."